ಸಿಟಿ ಸ್ಕ್ಯಾನರ್ ತೋರಿಸುವ ಡೋಸ್ ಸರಿಯಿದೆಯಾ? ಪರೀಕ್ಷಿಸುವ ಪೂರ್ತಿ ವಿಧಾನ, ಮೈಸೂರು-ಮಂಡ್ಯದ ಗಾಳಿಯ ಲೆಕ್ಕವೂ ಸೇರಿ

ಸಿಟಿ ಸ್ಕ್ಯಾನ್ ಮುಗಿದ ಮೇಲೆ ಚಿತ್ರಗಳ ಜೊತೆ ಒಂದು ಡೋಸ್ ಪುಟವೂ ಸೇವ್ ಆಗುತ್ತದೆ. ಸಿಟಿಡಿಐ-ವಾಲ್ ಇಷ್ಟು ಮಿಲಿಗ್ರೇ, ಡಿಎಲ್‌ಪಿ ಇಷ್ಟು ಮಿಲಿಗ್ರೇ-ಸೆಂಟಿಮೀಟರ್ ಅಂತ ಅದರಲ್ಲಿ ಇರುತ್ತದೆ. ಮಿಲಿಗ್ರೇ ಅಂದರೆ ವಿಕಿರಣದ ಡೋಸ್ ಅಳೆಯುವ ಘಟಕ. ಡಿಎಲ್‌ಪಿ ಅಂದರೆ ಸಿಟಿಡಿಐ-ವಾಲ್‌ಗೆ ಸ್ಕ್ಯಾನ್ ಆದ ಉದ್ದವನ್ನು ಗುಣಿಸಿದ್ದು. ಎಷ್ಟೋ ಜನ ಆ ಪುಟವನ್ನು ತೆರೆದೇ ನೋಡುವುದಿಲ್ಲ. ನೋಡಿದವರೂ ಅದನ್ನು ರೋಗಿಗೆ ಬಿದ್ದ ಡೋಸ್ ಅಂತಲೇ ಓದಿಕೊಳ್ಳುತ್ತಾರೆ. ಆದರೆ ಆ ಅಂಕಿ ಯಾರ ಮೈಯನ್ನೂ ಅಳೆದು ಬಂದದ್ದಲ್ಲ. ಇದೇ ಸೆಟ್ಟಿಂಗ್‌ನಲ್ಲಿ ಒಂದು ಅಕ್ರಿಲಿಕ್ ಸಿಲಿಂಡರನ್ನು ಸ್ಕ್ಯಾನ್ ಮಾಡಿದ್ದರೆ ಅದರೊಳಗೆ ಸರಾಸರಿ ಎಷ್ಟು ಡೋಸ್ ಬೀಳುತ್ತಿತ್ತು ಅನ್ನುವುದನ್ನು ಯಂತ್ರ ಲೆಕ್ಕ ಹಾಕಿ ಹೇಳುತ್ತದೆ, ಅಷ್ಟೇ.

ಹಾಗಾಗಿ 'ಡೋಸ್ ಸರಿಯಿದೆಯಾ' ಅನ್ನುವುದರೊಳಗೆ ಮೂರು ಪ್ರಶ್ನೆಗಳಿವೆ. ಸಿಲಿಂಡರ್ ಬಗ್ಗೆ ಯಂತ್ರ ಹೇಳುವ ಅಂಕಿ ನಿಜವಾ? ಆ ಅಂಕಿ ದಾಖಲೆಗೆ ನೆಟ್ಟಗೆ ಹೋಗುತ್ತಿದೆಯಾ? ಅದನ್ನಿಟ್ಟುಕೊಂಡು ರೋಗಿಯ ಬಗ್ಗೆ ನಾವು ಹೇಳುವ ಮಾತು ಸರಿಯಾ? ಮೊದಲನೆಯದಕ್ಕೆ ಉಪಕರಣ ಬೇಕು. ಉಳಿದ ಎರಡಕ್ಕೆ ಕ್ಯಾಲ್ಕುಲೇಟರ್ ಸಾಕು. ನಾನು ಕಂಡ ಮಟ್ಟಿಗೆ, ನಮ್ಮ ಕಡೆಯ ಸ್ಕ್ಯಾನ್ ಸೆಂಟರ್‌ಗಳಲ್ಲಿ ಎರಡು ವರ್ಷಕ್ಕೊಮ್ಮೆ ಕ್ಯೂಎ, ಅಂದರೆ ಗುಣಮಟ್ಟ ಪರೀಕ್ಷೆಯ, ಏಜೆನ್ಸಿಯವರು ಬಂದು ಮೊದಲನೆಯದನ್ನು ಮುಗಿಸಿ ಹೋಗುತ್ತಾರೆ. ಕ್ಯಾಲ್ಕುಲೇಟರ್ ಸಾಕಾಗುವ ಎರಡನ್ನು ಯಾರೂ ಮುಟ್ಟುವುದಿಲ್ಲ.

ಮೈಸೂರು, ಮಂಡ್ಯದ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ರೇಡಿಯೋಗ್ರಾಫರ್‌ಗಳು, ರೇಡಿಯೇಷನ್ ಸೇಫ್ಟಿ ಆಫೀಸರ್‌ಗಳು, ಮೆಡಿಕಲ್ ಫಿಸಿಕ್ಸ್ ಓದುತ್ತಿರುವವರು, ಇವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಇಆರ್‌ಬಿಗೆ, ಅಂದರೆ ಅಣುಶಕ್ತಿ ನಿಯಂತ್ರಣ ಮಂಡಳಿಗೆ, ಇ-ಲೋರಾ ಅನ್ನುವ ಅವರ ಆನ್‌ಲೈನ್ ಪೋರ್ಟಲ್ ಮೂಲಕ ಸಲ್ಲಿಸುವ ಕ್ಯೂಎ ವರದಿಯನ್ನು ಅವರ ಮಾನ್ಯತೆ ಇರುವ ಏಜೆನ್ಸಿಯೇ ಕೊಡಬೇಕು. ನಾವು ಆಸ್ಪತ್ರೆಯೊಳಗೇ ಮಾಡಿಕೊಳ್ಳುವ ಈ ಪರೀಕ್ಷೆ ಅದಕ್ಕೆ ಬದಲಿ ಅಲ್ಲ. ಆದರೆ ಏಜೆನ್ಸಿ ಕೊಟ್ಟ ವರದಿ ಓದಿ ಪ್ರಶ್ನೆ ಕೇಳುವಷ್ಟು ಧೈರ್ಯ ಬರುತ್ತದೆ.

ಹೆಜ್ಜೆ 1: ಉಪಕರಣ ಮುಟ್ಟುವ ಮೊದಲು ಕನ್ಸೋಲ್‌ನಲ್ಲೇ ನೋಡಿ

ಒಂದು ಪ್ರೋಟೋಕಾಲ್ (ಒಂದು ಬಗೆಯ ಸ್ಕ್ಯಾನ್‌ಗೆ ಮೊದಲೇ ಹಾಕಿಟ್ಟ ಸೆಟ್ಟಿಂಗ್‌ಗಳು) ತೆರೆಯಿರಿ. ಎಕ್ಸ್‌ಪೋಷರ್ ಕೊಡಬೇಡಿ, ಸುಮ್ನೆ ಸೆಟ್ಟಿಂಗ್ ಬದಲಾಯಿಸಿ ನೋಡಿ. ಎಂಎಎಸ್ (ಎಂಎ, ಅಂದರೆ ಟ್ಯೂಬಿನ ಕರೆಂಟ್, ಅದಕ್ಕೆ ಸಮಯ ಗುಣಿಸಿದ್ದು) ಎರಡು ಪಟ್ಟು ಮಾಡಿದರೆ ಸಿಟಿಡಿಐ-ವಾಲ್ ಕೂಡ ಎರಡು ಪಟ್ಟಾಗಬೇಕು. ಟ್ಯೂಬಿನ ವೋಲ್ಟೇಜನ್ನು 120 ಕೆವಿಯಿಂದ 100ಕ್ಕೆ ಇಳಿಸಿದರೆ ಸುಮಾರು ಮೂರನೇ ಒಂದು ಭಾಗದಷ್ಟು ಅಥವಾ ಇನ್ನೂ ಸ್ವಲ್ಪ ಜಾಸ್ತಿ ಇಳಿಯಬೇಕು. ಪಿಚ್ (ಟ್ಯೂಬಿನ ಒಂದು ಸುತ್ತಿಗೆ ಟೇಬಲ್ ಸರಿಯುವ ದೂರವನ್ನು ಕಿರಣದ ಅಗಲದಿಂದ ಭಾಗಿಸಿದ್ದು) ಏರಿಸಿದರೆ ಸಿಟಿಡಿಐ-ವಾಲ್ ಅಷ್ಟೇ ಪಟ್ಟು ಇಳಿಯಬೇಕು. ಇಳಿಯದಿದ್ದರೆ ಗಾಬರಿ ಬೇಡ. ಕೆಲವು ಕಂಪನಿಗಳ ಯಂತ್ರ ಪಿಚ್ ಏರಿದಂತೆ ಎಂಎ ಕೂಡ ತಾನೇ ಏರಿಸಿ ಡೋಸನ್ನು ಒಂದೇ ಮಟ್ಟದಲ್ಲಿ ಇಡುತ್ತದೆ. ನಿಮ್ಮ ಯಂತ್ರ ಯಾವ ಜಾತಿ ಅಂತ ಒಮ್ಮೆ ತಿಳಿದಿಟ್ಟುಕೊಳ್ಳಿ.

ಆಮೇಲೆ ಹಳೆಯ ರೋಗಿಗಳ ಡೋಸ್ ಪುಟಗಳನ್ನು ಹತ್ತಿಪ್ಪತ್ತು ತೆಗೆಯಿರಿ. ಡಿಎಲ್‌ಪಿಯನ್ನು ಸಿಟಿಡಿಐ-ವಾಲ್‌ನಿಂದ ಭಾಗಿಸಿ. ಬರುವುದು ಸೆಂಟಿಮೀಟರ್‌ನಲ್ಲಿ ಉದ್ದ. ಸಿಟಿಡಿಐ-ವಾಲ್ 8, ಡಿಎಲ್‌ಪಿ 344 ಇದ್ದರೆ ಉದ್ದ 43 ಸೆಂ.ಮೀ. ಚಿತ್ರ ಇರುವುದು 40 ಸೆಂ.ಮೀ.ಗೆ ಮಾತ್ರ ಅಂದರೆ ತಪ್ಪು ಹುಡುಕಬೇಡಿ. ಟೇಬಲ್ ಸರಿಯುತ್ತಿರುವಾಗಲೇ ಟ್ಯೂಬ್ ಸುತ್ತುವ ಹೆಲಿಕಲ್ ಸ್ಕ್ಯಾನ್‌ನಲ್ಲಿ ಎರಡೂ ತುದಿಗೆ ಸ್ವಲ್ಪ ಹೆಚ್ಚುವರಿ ಸುತ್ತು ಬೇಕೇ ಬೇಕು, ಡಿಎಲ್‌ಪಿಗೆ ಅದೂ ಸೇರುತ್ತದೆ. 40 ಇರಬೇಕಾದ ಕಡೆ 60 ಬಂದರೆ ಆಗ ಕೂತು ನೋಡಿ. ಒಂದು ಫೇಸ್, ಅಂದರೆ ಒಂದು ಹಂತದ ಸ್ಕ್ಯಾನ್, ಎರಡು ಸಲ ದಾಖಲಾಗಿರಬಹುದು, ಇಲ್ಲವೇ ಎದೆ ಸ್ಕ್ಯಾನ್ ಹೊಟ್ಟೆ ತನಕ ಇಳಿದಿರಬಹುದು. ಎರಡನೆಯದು ಲೆಕ್ಕದ ತಪ್ಪಲ್ಲ, ಕೆಲಸದ ತಪ್ಪು.

ಇನ್ನು ಫ್ಯಾಂಟಮ್ ಅಳತೆ, ಅಂದರೆ ಆ ಅಕ್ರಿಲಿಕ್ ಸಿಲಿಂಡರಿನ ವ್ಯಾಸ. ಡೋಸ್ ಪುಟದಲ್ಲಿ ಪ್ರತಿ ಸಾಲಿನ ಪಕ್ಕ 16 ಸೆಂ.ಮೀ. ಅಥವಾ 32 ಸೆಂ.ಮೀ. ಅಂತ ಇರುತ್ತದೆ. ತಲೆಗೆ 16, ಮೈಗೆ 32. ತಕರಾರು ಬರುವುದು ಮಕ್ಕಳ ಹೊಟ್ಟೆ, ಎದೆಯ ಸ್ಕ್ಯಾನ್‌ನಲ್ಲಿ. ಅದಕ್ಕೆ ಕೆಲವು ಯಂತ್ರಗಳು 16 ಬಳಸುತ್ತವೆ, ಕೆಲವು 32. ಒಂದೇ ಸೆಟ್ಟಿಂಗ್‌ಗೆ 16ರ ಅಂಕಿ 32ರದ್ದಕ್ಕಿಂತ ಸರಿಸುಮಾರು ಎರಡು ಪಟ್ಟು ಬರುತ್ತದೆ. ಮಂಡ್ಯದಲ್ಲಿ ಸ್ಕ್ಯಾನ್ ಆದ ಮಗು ಮುಂದಿನ ತಿಂಗಳು ಮೈಸೂರಿಗೆ ಬಂತು ಅಂದುಕೊಳ್ಳಿ. ಅಲ್ಲಿ 4, ಇಲ್ಲಿ 8 ಮಿಲಿಗ್ರೇ. ಇಲ್ಲಿಯವರು ಡಬಲ್ ಡೋಸ್ ಕೊಟ್ಟರು ಅಂತ ಜಗಳಕ್ಕೆ ನಿಲ್ಲುವ ಮೊದಲು ಪಕ್ಕದ ಅಂಕಿ ನೋಡಬೇಕು. ಇದೇ ಕಾರಣಕ್ಕೆ ತಲೆಯ ಡಿಎಲ್‌ಪಿಯನ್ನೂ ಹೊಟ್ಟೆಯ ಡಿಎಲ್‌ಪಿಯನ್ನೂ ಕೂಡಿಸಿ ಕೊನೆಗೆ ಬರೆಯುವ 'ಒಟ್ಟು' ಅನ್ನುವ ಸಾಲಿಗೆ ಅಷ್ಟೇನೂ ಅರ್ಥವಿಲ್ಲ.

ಡೋಸ್ ಲೆಕ್ಕ ಇಡುವ ಸಾಫ್ಟ್‌ವೇರ್ ಇದ್ದರೆ, ಅದರಲ್ಲಿರುವ ಅಂಕಿಯನ್ನು ಕನ್ಸೋಲ್ ಅಂಕಿಯ ಜೊತೆ ತಾಳೆ ನೋಡಿ. ಸ್ಕ್ಯಾನ್‌ಗೆ ಮೊದಲು ತೋರಿಸುವುದು ಅಂದಾಜು. ಮುಗಿದ ಮೇಲೆ ಬರುವುದು ನಿಜವಾಗಿ ಬಳಸಿದ ಎಂಎ ಪ್ರಕಾರ ಹಾಕಿದ ಲೆಕ್ಕ. ದಾಖಲೆಗೆ ಹೋಗಬೇಕಾದದ್ದು ಎರಡನೆಯದು.

ಹೆಜ್ಜೆ 2: ಸಾಮಾನು ಹೊಂದಿಸಿಕೊಳ್ಳುವುದು

ಬೇಕಾದದ್ದು ನಾಲ್ಕು: ಫ್ಯಾಂಟಮ್, ಕಿರಣ ಅಳೆಯುವ 100 ಮಿ.ಮೀ. ಉದ್ದದ ಪೆನ್ಸಿಲ್ ಅಯಾನ್ ಚೇಂಬರ್, ಅದರ ರೀಡಿಂಗ್ ತೋರಿಸುವ ಎಲೆಕ್ಟ್ರೋಮೀಟರ್, ಜೊತೆಗೆ ಥರ್ಮಾಮೀಟರ್ ಮತ್ತು ಬ್ಯಾರೋಮೀಟರ್. ಫ್ಯಾಂಟಮ್ ಅಂದರೆ ಸುಮಾರು 15 ಸೆಂ.ಮೀ. ದಪ್ಪದ ಅಕ್ರಿಲಿಕ್ ಸಿಲಿಂಡರ್. ನಡುವೆ ಒಂದು ತೂತು, ಅಂಚಿನಿಂದ 1 ಸೆಂ.ಮೀ. ಒಳಗೆ ಗಡಿಯಾರದ 12, 3, 6, 9ರ ಜಾಗದಲ್ಲಿ ನಾಲ್ಕು ತೂತು. ದೊಡ್ಡದರ ತೂಕ ಹದಿನಾಲ್ಕು ಕಿಲೋ ಹತ್ತಿರ ಬರುತ್ತದೆ. ಬಸ್ಸಿನಲ್ಲಿ ತರುತ್ತೇನೆ ಅನ್ನುವ ಉತ್ಸಾಹ ಒಂದೇ ಸಲಕ್ಕೆ ಇಳಿಯುತ್ತದೆ.

ಚೇಂಬರ್‌ನ ಕ್ಯಾಲಿಬ್ರೇಷನ್ ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದು ಓದಿ. ತಾರೀಖು ನೋಡಿದರೆ ಸಾಲದು. ಸಿಟಿಯಲ್ಲಿ ಬಳಸುವ ಕಿರಣದ ಮಟ್ಟದಲ್ಲಿ, ಅಂದರೆ 120 ಕೆವಿ ಆಸುಪಾಸಿನಲ್ಲಿ, ಕ್ಯಾಲಿಬ್ರೇಷನ್ ಆಗಿದೆಯಾ? ಯಾವ ಉಷ್ಣಾಂಶ, ಯಾವ ಒತ್ತಡಕ್ಕೆ ಕ್ಯಾಲಿಬ್ರೇಷನ್ ಅಂಶ, ಅಂದರೆ ರೀಡಿಂಗಿಗೆ ಗುಣಿಸಬೇಕಾದ ಸಂಖ್ಯೆ, ಕೊಟ್ಟಿದ್ದಾರೆ? ಸಾಮಾನ್ಯವಾಗಿ 20 ಡಿಗ್ರಿ, 101.325 ಕಿಲೋಪ್ಯಾಸ್ಕಲ್ ಇರುತ್ತದೆ. ಕೆಲವರು 22 ಡಿಗ್ರಿ ಹಾಕುತ್ತಾರೆ. ಮುಂದಿನ ಲೆಕ್ಕಕ್ಕೆ ಇದು ಬೇಕು.

ಹೆಜ್ಜೆ 3: ಫ್ಯಾಂಟಮ್ ಕೂರಿಸುವುದು

ಟ್ಯೂಬ್ ವಾರ್ಮ್-ಅಪ್, ಏರ್ ಕ್ಯಾಲಿಬ್ರೇಷನ್ ಎರಡೂ ಮುಗಿದಿರಲಿ. ಮೈ ಫ್ಯಾಂಟಮ್ ಟೇಬಲ್ ಮೇಲೆ, ತಲೆ ಫ್ಯಾಂಟಮ್ ಹೆಡ್ ರೆಸ್ಟ್‌ನಲ್ಲಿ, ರೋಗಿ ಮಲಗುವ ಹಾಗೆಯೇ ಇರಲಿ. ಲೇಸರ್ ಗೆರೆ ನಡುವಿನ ತೂತಿಗೆ ಸರಿಯಾಗಿ ಬೀಳಬೇಕು. ಆದರೆ ಲೇಸರನ್ನೇ ನಂಬಬೇಡಿ. ಒಂದು ಸ್ಲೈಸ್ ತೆಗೆದು ಗ್ರಿಡ್ ಹಾಕಿ ನೋಡಿ. ಕೆಲವು ಮಿಲಿಮೀಟರ್ ಮೇಲೆ ಕೆಳಗೆ ಆದರೂ 12 ಗಂಟೆಯ ರೀಡಿಂಗಿಗೂ 6 ಗಂಟೆಯದಕ್ಕೂ ವ್ಯತ್ಯಾಸ ಬರುತ್ತದೆ. ಚೇಂಬರಿನ ನಟ್ಟನಡು ಕಿರಣದ ನಟ್ಟನಡುವಿಗೆ ಬರಲಿ. ಚೇಂಬರ್ ಇಲ್ಲದ ನಾಲ್ಕು ತೂತುಗಳಿಗೆ ಅಕ್ರಿಲಿಕ್ ಕಡ್ಡಿ ತುಂಬಿ. ಕಡ್ಡಿ ಒಂದು ಕಳೆದುಹೋಗಿದೆ, ಪರವಾಗಿಲ್ಲ ಅನ್ನುವಂತಿಲ್ಲ.

ಕೇಬಲನ್ನು ಗ್ಯಾಂಟ್ರಿಗೆ, ಅಂದರೆ ಯಂತ್ರದ ಉಂಗುರಕ್ಕೆ, ಸಿಗದ ಹಾಗೆ ಟೇಬಲ್‌ಗೆ ಟೇಪ್ ಹಾಕಿ, ಗೋಡೆಯ ಕೇಬಲ್ ದಾರಿಯಿಂದ ಎಲೆಕ್ಟ್ರೋಮೀಟರ್ ತನಕ ಒಯ್ಯಿರಿ. ಎಕ್ಸ್‌ಪೋಷರ್ ಸಮಯದಲ್ಲಿ ಒಳಗೆ ಯಾರೂ ಇರಕೂಡದು. ಬಾಗಿಲು ಸ್ವಲ್ಪ ತೆರೆದು ಕೇಬಲ್ ಹಾಯಿಸುವ ಅಭ್ಯಾಸ ಇದ್ದರೆ ಅದನ್ನು ಇಂದೇ ಬಿಡಿ.

ಹೆಜ್ಜೆ 4: ಅಳೆಯುವುದು

ಟೇಬಲ್ ನಿಂತಿರಬೇಕು, ಟ್ಯೂಬ್ ಒಂದು ಪೂರ್ತಿ ಸುತ್ತು ಹಾಕಬೇಕು, ಅಂದರೆ ಆಕ್ಸಿಯಲ್ ಮೋಡ್. ಮೈಗೆ ತಕ್ಕಂತೆ ಎಂಎ ತಾನೇ ಬದಲಾಗುವ ಸೌಲಭ್ಯವನ್ನು ಆಫ್ ಮಾಡಿ, ಎಂಎ ಗಟ್ಟಿ ಮಾಡಿ. ಕೆವಿ, ಫಿಲ್ಟರ್, ಫೋಕಲ್ ಸ್ಪಾಟ್ ಎಲ್ಲಾ ದಿನನಿತ್ಯದ ಪ್ರೋಟೋಕಾಲ್‌ನಂತೆಯೇ ಇರಲಿ. ಇಲ್ಲಿ ಎಡವುವವರು ಜಾಸ್ತಿ. ಹೊಟ್ಟೆಯ ಪ್ರೋಟೋಕಾಲ್ ಪರೀಕ್ಷೆ ಮಾಡುವಾಗ ತಲೆಯ ಫಿಲ್ಟರ್ ಕೂತಿದ್ದರೆ ಅಳೆದದ್ದು ಬೇರೆ ಕಿರಣ, ಹೋಲಿಸುವುದು ಬೇರೆ ಅಂಕಿ.

ನಡುವಿನ ತೂತಿನಿಂದ ಶುರು ಮಾಡಿ, ಪ್ರತಿ ಜಾಗದಲ್ಲೂ ಮೂರು ರೀಡಿಂಗ್ ತೆಗೆಯಿರಿ. ನಡುವೆ ಮೂರೂ ಹೆಚ್ಚುಕಡಿಮೆ ಒಂದೇ ಬರುತ್ತವೆ. ಅಂಚಿನಲ್ಲಿ ಸ್ವಲ್ಪ ಓಲಾಡಬಹುದು. ಕಿರಣ ಯಾವ ಕೋನದಿಂದ ಶುರುವಾಯಿತು ಅನ್ನುವುದರ ಮೇಲೆ ಅದು ಹೋಗುತ್ತದೆ. 6 ಗಂಟೆಯ ರೀಡಿಂಗ್ ಸ್ವಲ್ಪ ಕಮ್ಮಿ ಬಂದರೂ ಸಹಜ. ಕೆಳಗಿರುವ ಟೇಬಲ್ ಕಿರಣವನ್ನು ಒಂಚೂರು ತಡೆಯುತ್ತದೆ.

ರೀಡಿಂಗಿನ ಘಟಕವನ್ನು ಗಮನಿಸಿ. ಕೆಲವು ಮೀಟರ್ ಮಿಲಿಗ್ರೇ-ಸೆಂಟಿಮೀಟರ್ ಕೊಡುತ್ತವೆ. ಕೆಲವು 100 ಮಿ.ಮೀ. ಉದ್ದಕ್ಕೆ ಸರಾಸರಿ ಮಿಲಿಗ್ರೇ ಕೊಡುತ್ತವೆ. ಎರಡನೆಯದಾದರೆ 10 ಸೆಂ.ಮೀ.ಯಿಂದ ಗುಣಿಸಿಕೊಳ್ಳಿ.

ಕಿರಣದ ಅಗಲ 40 ಮಿ.ಮೀ. ದಾಟಿದ ಯಂತ್ರಗಳಿಗೆ ಈ ಪೆನ್ಸಿಲ್ ವಿಧಾನ ಹಾಗೆಯೇ ಒಗ್ಗುವುದಿಲ್ಲ. ಚೇಂಬರ್ ಆಚೆಗೂ ಡೋಸ್ ಚೆಲ್ಲುತ್ತದೆ. ಅಲ್ಲಿ ಕಿರಿದಾದ ಕಿರಣದಲ್ಲಿ ಅಳೆದು, ಗಾಳಿಯಲ್ಲಿ ತೆಗೆದ ಅಳತೆಗಳ ಅನುಪಾತದಿಂದ ಹಿಗ್ಗಿಸಿಕೊಳ್ಳುವ ಪದ್ಧತಿ ಇದೆ. ಅದನ್ನು ಫಿಸಿಸಿಸ್ಟ್ ಜೊತೆ ಕೂತೇ ಮಾಡಿ.

ಹೆಜ್ಜೆ 5: ಗಾಳಿಯ ಲೆಕ್ಕ

ಮೈಸೂರಿನವರು, ಮಂಡ್ಯದವರು ನಿಧಾನವಾಗಿ ಓದಬೇಕಾದ ಭಾಗ ಇದು.

ಪೆನ್ಸಿಲ್ ಚೇಂಬರ್ ಸಾಮಾನ್ಯವಾಗಿ ಹೊರಗಿನ ಗಾಳಿಗೆ ತೆರೆದಿರುತ್ತದೆ. ಒಳಗಿನ ಗಾಳಿಯಲ್ಲಿ ಎಷ್ಟು ಅಯಾನು ಹುಟ್ಟಿತು ಅನ್ನುವುದನ್ನೇ ಅದು ಅಳೆಯುವುದು. ಗಾಳಿ ತೆಳುವಾದರೆ ಅಯಾನು ಕಮ್ಮಿ, ರೀಡಿಂಗ್ ಕಮ್ಮಿ. ಸರ್ಟಿಫಿಕೇಟ್ ಕೊಟ್ಟಿರುವುದು ಸಮುದ್ರಮಟ್ಟದ ಒತ್ತಡಕ್ಕೆ. ಮೈಸೂರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ 92.5 ಕಿಲೋಪ್ಯಾಸ್ಕಲ್ ಆಸುಪಾಸು. ಮಂಡ್ಯ ಸ್ವಲ್ಪ ಕೆಳಗಿದೆ, ಅಲ್ಲಿ ಸುಮಾರು 93.4. ಮಂಗಳೂರಿನಲ್ಲಿ ಕೆಲಸ ಕಲಿತು ಬಂದವರಿಗೆ ಈ ಕರೆಕ್ಷನ್ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಇಲ್ಲಿ ಹಾಗಲ್ಲ.

ಸೂತ್ರ ಸರಳ. ಉಷ್ಣಾಂಶಕ್ಕೆ 273.15 ಕೂಡಿಸಿ, 293.15ರಿಂದ (ಸರ್ಟಿಫಿಕೇಟ್‌ನಲ್ಲಿ 22 ಡಿಗ್ರಿ ಇದ್ದರೆ 295.15ರಿಂದ) ಭಾಗಿಸಿ. 101.325ನ್ನು ಇಲ್ಲಿನ ಒತ್ತಡದಿಂದ ಭಾಗಿಸಿ. ಎರಡನ್ನೂ ಗುಣಿಸಿ. ಚೇಂಬರ್ 24 ಡಿಗ್ರಿಯಲ್ಲಿ, ಒತ್ತಡ 92.5 ಇದ್ದರೆ 1.0136 × 1.0954 = 1.11. ಅಂದರೆ ಮೀಟರ್ ತೋರಿಸಿದ್ದಕ್ಕೆ ಇನ್ನೂ ಶೇ. 11 ಸೇರಿಸಬೇಕು. ಮಂಡ್ಯದಲ್ಲಿ ಅದೇ ಉಷ್ಣಾಂಶಕ್ಕೆ 1.10.

ಇದು ಗೊತ್ತಿರುವವರೂ ಬೀಳುವ ಹಳ್ಳ ಒಂದಿದೆ. ಒತ್ತಡ ಎಷ್ಟು ಅಂತ ಮೊಬೈಲ್‌ನ ಹವಾಮಾನ ಆ್ಯಪ್ ತೆಗೆದು ನೋಡುತ್ತಾರೆ. ಅದರಲ್ಲಿ 1012 ಹೆಕ್ಟೋಪ್ಯಾಸ್ಕಲ್ ಅಂತ ಇರುತ್ತದೆ. ಅದು ಮೈಸೂರಿನಲ್ಲಿ ನಿಜವಾಗಿ ಇರುವ ಒತ್ತಡವಲ್ಲ. ಊರೂರು ಹೋಲಿಸಲು ಅನುಕೂಲವಾಗಲಿ ಅಂತ ಸಮುದ್ರಮಟ್ಟಕ್ಕೆ ಇಳಿಸಿ ಕೊಟ್ಟ ಅಂಕಿ. ಅದನ್ನು ಹಾಕಿದರೆ ಕರೆಕ್ಷನ್ 1.015 ಬರುತ್ತದೆ. ಶೇ. 9ರಷ್ಟು ಡೋಸ್ ಕಾಗದದ ಮೇಲೆ ಮಾಯ! ಲೆಕ್ಕದ ಹಾಳೆಯಲ್ಲಿ ಕರೆಕ್ಷನ್ ಕಾಲಂ ಭರ್ತಿಯಾಗಿರುವುದರಿಂದ ಯಾರಿಗೂ ಅನುಮಾನ ಕೂಡ ಬರುವುದಿಲ್ಲ. ಹಾಗಾಗಿ ಏಜೆನ್ಸಿ ವರದಿ ಕೈಗೆ ಬಂದಾಗ ಮೊದಲು ಒತ್ತಡದ ಕಾಲಂ ನೋಡಿ. 92, 93 ಇದ್ದರೆ ಸರಿ. 101 ಇದ್ದರೆ ಫೋನ್ ಮಾಡಿ ಕೇಳಿ.

ಬ್ಯಾರೋಮೀಟರ್ ಇಲ್ಲದಿದ್ದರೆ? ಕೆಲವು ಮೊಬೈಲ್‌ಗಳಲ್ಲಿ ಒತ್ತಡದ ಸೆನ್ಸರ್ ಇರುತ್ತದೆ. ಸೆನ್ಸರನ್ನೇ ನೇರವಾಗಿ ಓದುವ ಆ್ಯಪ್ ಹಾಕಿದರೆ ಮೈಸೂರಿನಲ್ಲಿ 920ರಿಂದ 930 ಹೆಕ್ಟೋಪ್ಯಾಸ್ಕಲ್ ಸುತ್ತ ತೋರಿಸಬೇಕು. ಅಂತಿಮ ವರದಿಗೆ ಇದು ಸಾಲದು, ಆದರೆ ದೊಡ್ಡ ತಪ್ಪು ಹಿಡಿಯಲು ಸಾಕು.

ಉಷ್ಣಾಂಶದಲ್ಲೂ ಒಂದು ಸೂಕ್ಷ್ಮ ಇದೆ. ಬೇಕಾದದ್ದು ಕೋಣೆಯ ಉಷ್ಣಾಂಶವಲ್ಲ, ಚೇಂಬರಿನದು. ಚೇಂಬರ್ ಕೂತಿರುವುದು ಫ್ಯಾಂಟಮ್ ಹೊಟ್ಟೆಯೊಳಗೆ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಮಂಡ್ಯದಿಂದ ಬಂದ ಫ್ಯಾಂಟಮ್ ಒಳಗೆ 35 ಡಿಗ್ರಿ ಇರಬಹುದು. ಎಸಿ ಕೋಣೆಯ ಗೋಡೆ 24 ತೋರಿಸುತ್ತಿರುತ್ತದೆ. ಶೇ. 4 ಹತ್ತಿರ ವ್ಯತ್ಯಾಸ ಅಲ್ಲೇ ಬಂತು. ಅಷ್ಟು ದಪ್ಪ ಅಕ್ರಿಲಿಕ್ ತಣಿಯಲು ಗಂಟೆಗಟ್ಟಲೆ ಬೇಕು. ಹಿಂದಿನ ರಾತ್ರಿಯೇ ತಂದು ಸ್ಕ್ಯಾನ್ ಕೋಣೆಯಲ್ಲಿ ಇಡುವುದು ಒಳ್ಳೆಯದು. ಆಗದಿದ್ದರೆ ಥರ್ಮಾಮೀಟರ್ ಕಡ್ಡಿಯನ್ನು ತೂತಿನೊಳಗೇ ಇಟ್ಟು ಓದಿ.

ಕೆಲವು ಎಲೆಕ್ಟ್ರೋಮೀಟರ್‌ಗಳು ಈ ಕರೆಕ್ಷನ್ ತಾವೇ ಮಾಡಿಕೊಳ್ಳುತ್ತವೆ. ಸೆಮಿಕಂಡಕ್ಟರ್ ಡಿಟೆಕ್ಟರ್‌ಗೆ ಗಾಳಿಯ ಕರೆಕ್ಷನ್ ಬೇಕೇ ಇಲ್ಲ. ನಿಮ್ಮದು ಯಾವುದು ಅಂತ ಕೈಪಿಡಿ ನೋಡಿ. ಎರಡು ಸಲ ಸೇರಿಸಿದರೆ ತಪ್ಪು ಇನ್ನೊಂದು ಕಡೆಗೆ ವಾಲುತ್ತದೆ.

ಹೆಜ್ಜೆ 6: ಲೆಕ್ಕ ಮತ್ತು ಹೋಲಿಕೆ

ಒಂದು ಮಾದರಿ ಲೆಕ್ಕ ಮಾಡೋಣ. 32 ಸೆಂ.ಮೀ. ಫ್ಯಾಂಟಮ್, 120 ಕೆವಿ, 200 ಎಂಎಎಸ್, ಕಿರಣದ ಅಗಲ 2 ಸೆಂ.ಮೀ. ನಡುವಿನ ರೀಡಿಂಗ್ 16.2 ಮಿಲಿಗ್ರೇ-ಸೆಂ.ಮೀ. ಅಂಚಿನವು 29.6, 30.8, 28.4, 31.2. ಅಂಚಿನ ಸರಾಸರಿ 30.0. ಕ್ಯಾಲಿಬ್ರೇಷನ್ ಅಂಶ 1.02, ಗಾಳಿಯ ಕರೆಕ್ಷನ್ 1.11.

ಎರಡೂ ಅಂಶಗಳಿಂದ ಗುಣಿಸಿದರೆ ನಡು 18.34, ಅಂಚು 33.97. ಕಿರಣದ ಅಗಲದಿಂದ, ಅಂದರೆ 2ರಿಂದ ಭಾಗಿಸಿದರೆ 9.17 ಮತ್ತು 16.98 ಮಿಲಿಗ್ರೇ. ನಡುವಿನದರ ಮೂರನೇ ಒಂದು ಭಾಗ, ಅಂಚಿನದರ ಮೂರನೇ ಎರಡು ಭಾಗ ತೆಗೆದು ಕೂಡಿಸಿ. ಬಂದದ್ದು 14.4 ಮಿಲಿಗ್ರೇ. ಇದು ಸಿಟಿಡಿಐ-ಡಬ್ಲ್ಯೂ. ಹೆಲಿಕಲ್ ಸ್ಕ್ಯಾನ್‌ಗೆ ಇದನ್ನು ಪಿಚ್‌ನಿಂದ ಭಾಗಿಸಿದರೆ ಸಿಟಿಡಿಐ-ವಾಲ್. ಪಿಚ್ 1 ಇದ್ದರೆ ಎರಡೂ ಒಂದೇ.

ಕನ್ಸೋಲ್ 14.9 ತೋರಿಸುತ್ತಿದೆ ಅಂದುಕೊಳ್ಳಿ. ವ್ಯತ್ಯಾಸ ಶೇ. 4ರೊಳಗೆ. ಸಾಮಾನ್ಯವಾಗಿ ಒಪ್ಪುವ ಮಿತಿ ಎರಡೂ ಕಡೆ ಶೇ. 20. ಈ ಯಂತ್ರ ಆರಾಮಾಗಿ ಪಾಸ್. ಗಾಳಿಯ ಕರೆಕ್ಷನ್ ಹಾಕದೇ ಇದ್ದಿದ್ದರೆ? ಅಳತೆ 13.0ಕ್ಕೆ ಇಳಿದು, ಯಂತ್ರ ಶೇ. 15 ಜಾಸ್ತಿ ತೋರಿಸುತ್ತಿದೆ ಅಂತ ಬರೆದುಕೊಳ್ಳುತ್ತಿದ್ದೆವು. ಆಗಲೂ ಪಾಸೇ. ಶೇ. 20ರ ಮಿತಿ ಎಷ್ಟು ಧಾರಾಳ ಅಂದರೆ, ಯಂತ್ರದ ತಪ್ಪೂ ನಮ್ಮ ತಪ್ಪೂ ಅದರೊಳಗೆ ಒಟ್ಟಿಗೆ ಅಡಗಿ ಕೂರುತ್ತವೆ. ಆದ್ದರಿಂದ ಬರೀ ಪಾಸ್, ಫೇಲ್ ಬರೆದು ಫೈಲ್ ಮುಚ್ಚಬೇಡಿ. ವ್ಯತ್ಯಾಸ ಎಷ್ಟು, ಯಾವ ಕಡೆಗೆ ಅಂತ ಬರೆದಿಡಿ. ಹೋದ ಸಲ 3 ಇದ್ದದ್ದು ಈ ಸಲ 12 ಆಗಿದ್ದರೆ ಮಿತಿಯೊಳಗಿದ್ದರೂ ಏನೋ ಬದಲಾಗಿದೆ ಅಂತಲೇ ಅರ್ಥ.

ತಲೆ ಫ್ಯಾಂಟಮ್‌ಗೂ ಇದೇ ಕ್ರಮ. ನೀವು ನಿಜವಾಗಿ ಬಳಸುವ ಕೆವಿಗಳಲ್ಲೆಲ್ಲಾ ಮಾಡಿ. ಮಕ್ಕಳಿಗೆ 80 ಅಥವಾ 100 ಕೆವಿ ಬಳಸುವವರು 120ರಲ್ಲಿ ಮಾತ್ರ ಪರೀಕ್ಷೆ ಮಾಡಿ ನಿಲ್ಲಿಸಬಾರದು ಅಲ್ವಾ?

ಶೇ. 20 ದಾಟಿದರೆ ಸರ್ವಿಸ್ ಎಂಜಿನಿಯರ್‌ಗೆ ಫೋನ್ ಮಾಡುವ ಮುಂಚೆ ನಿಮ್ಮದನ್ನೇ ಮತ್ತೆ ನೋಡಿ: ಒತ್ತಡ, ಘಟಕ, ಕಿರಣದ ಅಗಲ, ಫಿಲ್ಟರ್, ಫ್ಯಾಂಟಮ್ ಆಯ್ಕೆ. ಇಷ್ಟೂ ಸರಿಯಿದ್ದರೆ ಕೆವಿ ಅಳತೆ ಮಾಡಿಸಿ. ಕೆವಿ ಸ್ವಲ್ಪ ಜಾರಿದರೂ ಡೋಸ್ ಅದಕ್ಕಿಂತ ಜಾಸ್ತಿ ಜಾರುತ್ತದೆ.

ಹೆಜ್ಜೆ 7: ರೋಗಿಯ ಗಾತ್ರ ಸೇರಿಸುವುದು

ಯಂತ್ರ ಸಿಲಿಂಡರ್ ಬಗ್ಗೆ ನಿಜ ಹೇಳುತ್ತಿದೆ ಅಂತ ಖಾತ್ರಿಯಾಯಿತು. ಈಗ ಮನುಷ್ಯರ ವಿಷಯ. ದರ್ಜಿ ಒಂದೇ ಅಳತೆಯ ಅಂಗಿ ಹೊಲಿದು ಊರಿಗೆಲ್ಲಾ ಹಂಚಿದ ಹಾಗೆ, 32 ಸೆಂ.ಮೀ. ಅಂಕಿಯನ್ನು ಎಲ್ಲರಿಗೂ ತೊಡಿಸುತ್ತಿದ್ದೇವೆ. ತೆಳ್ಳಗಿನ ಮೈಯಲ್ಲಿ ಕಿರಣ ಕಮ್ಮಿ ತಡೆಯಾಗುತ್ತದೆ, ನಡುವಿನ ತನಕ ಡೋಸ್ ಜಾಸ್ತಿ ತಲುಪುತ್ತದೆ. ಅಂದರೆ ನಮ್ಮ ಎಷ್ಟೋ ರೋಗಿಗಳಿಗೆ ಪರದೆಯ ಅಂಕಿ ನಿಜಕ್ಕಿಂತ ಕಮ್ಮಿ.

ಇದಕ್ಕೆ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಎಎಪಿಎಂ 2011ರಲ್ಲಿ ತನ್ನ 204ನೇ ವರದಿಯಲ್ಲಿ ದಾರಿ ಕೊಟ್ಟಿತು. ಅದರ ಹೆಸರು ಎಸ್‌ಎಸ್‌ಡಿಇ, ಅಂದರೆ ರೋಗಿಯ ಗಾತ್ರಕ್ಕೆ ತಕ್ಕ ಡೋಸ್ ಅಂದಾಜು. ಸ್ಕ್ಯಾನ್ ಆದ ಭಾಗದ ನಡುವಿನ ಸ್ಲೈಸ್‌ನಲ್ಲಿ ಮುಂದಿನಿಂದ ಹಿಂದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು ಅಂತ ಸ್ಕೇಲ್ ಟೂಲ್‌ನಿಂದ ಅಳೆಯಿರಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. ಆ ವ್ಯಾಸಕ್ಕೆ ತಕ್ಕ ಅಂಶವನ್ನು ಪಟ್ಟಿಯಲ್ಲಿ ನೋಡಿ ಸಿಟಿಡಿಐ-ವಾಲ್‌ಗೆ ಗುಣಿಸಿ. 32 ಸೆಂ.ಮೀ. ಫ್ಯಾಂಟಮ್ ಆಧಾರದ ಅಂಕಿಗೆ ಅಂಶಗಳು ಹೀಗಿವೆ: ವ್ಯಾಸ 20 ಸೆಂ.ಮೀ. ಇದ್ದರೆ 1.78, 25ಕ್ಕೆ 1.48, 30ಕ್ಕೆ 1.23, 35ಕ್ಕೆ ಸುಮಾರು 1.02. 16ರ ಆಧಾರದ ಅಂಕಿಗೆ ಬೇರೆ ಪಟ್ಟಿ ಇದೆ, ಬೆರೆಸಬೇಡಿ.

ಮುಂದಿನಿಂದ ಹಿಂದಕ್ಕೆ 20, ಅಡ್ಡಕ್ಕೆ 29 ಸೆಂ.ಮೀ. ಇರುವ ಒಬ್ಬ ಸಣಕಲು ರೈತ. ವ್ಯಾಸ 24, ಅಂಶ 1.53. ಪರದೆಯಲ್ಲಿ 8 ಮಿಲಿಗ್ರೇ ಇದ್ದರೆ ಎಸ್‌ಎಸ್‌ಡಿಇ 12ರ ಮೇಲೆ. 14 ಮತ್ತು 19 ಸೆಂ.ಮೀ. ಇರುವ ಮಗುವಿಗೆ ಅಂಶ 2ರ ಆಸುಪಾಸು. ಪರದೆಯ 4 ಅಲ್ಲಿ 8 ಆಗುತ್ತದೆ. ಕನ್ಸೋಲ್ ಶೇ. 4 ತಪ್ಪಿದೆಯಾ, 6 ತಪ್ಪಿದೆಯಾ ಅಂತ ಅರ್ಧ ದಿನ ಕೂತು ಅಳೆದವರು ಈ ಎರಡು ಪಟ್ಟಿನ ವ್ಯತ್ಯಾಸವನ್ನು ಬಿಟ್ಟುಬಿಟ್ಟರೆ ಅಳೆದೂ ಪ್ರಯೋಜನವಿಲ್ಲ ಅಂತ ನನ್ನ ಅಭಿಪ್ರಾಯ.

ಅಳತೆಯನ್ನು ಸ್ಕ್ಯಾನ್‌ಗೆ ಮೊದಲು ತೆಗೆಯುವ ಸ್ಕೌಟ್ ಚಿತ್ರದಲ್ಲಿ ತೆಗೆಯಬೇಡಿ. ರೋಗಿ ನಡುವಿನಲ್ಲಿ ಮಲಗದೆ ಟ್ಯೂಬ್ ಹತ್ತಿರ ಇದ್ದರೆ ಅಲ್ಲಿ ಮೈ ದೊಡ್ಡದಾಗಿ ಕಾಣುತ್ತದೆ. ಎದೆಗೆ ಈ ವಿಧಾನ ಸ್ವಲ್ಪ ಒರಟು. ಶ್ವಾಸಕೋಶದ ತುಂಬ ಗಾಳಿ ಇರುವುದರಿಂದ ಹೊರಗಿನ ಅಗಲ ಮೋಸ ಮಾಡುತ್ತದೆ. 2014ರ 220ನೇ ವರದಿಯ ನೀರಿಗೆ ಸಮನಾದ ವ್ಯಾಸದ ಲೆಕ್ಕ ಅಲ್ಲಿ ಹೆಚ್ಚು ಸರಿ. ಹೊಸ ಯಂತ್ರಗಳಲ್ಲಿ ಕೆಲವು ಅದನ್ನು ತಾವೇ ಲೆಕ್ಕ ಹಾಕುತ್ತವೆ.

ಹೆಜ್ಜೆ 8: ಮಿಲಿಸೀವರ್ಟ್ ಬಗ್ಗೆ ಎಚ್ಚರ

ಡಿಎಲ್‌ಪಿಗೆ ಒಂದು ಅಂಶ ಗುಣಿಸಿದರೆ ಮಿಲಿಸೀವರ್ಟ್, ಅಂದರೆ ಇಡೀ ಮೈಗೆ ಆಗಬಹುದಾದ ಅಪಾಯ ಅಂದಾಜಿಸಲು ಬಳಸುವ ಘಟಕ, ಬರುತ್ತದೆ. ದೊಡ್ಡವರ ಎದೆಗೆ 0.014, ಹೊಟ್ಟೆಗೆ 0.015, ತಲೆಗೆ 0.0021. ಎದೆಯ ಡಿಎಲ್‌ಪಿ 350 ಇದ್ದರೆ ಸುಮಾರು 5 ಮಿಲಿಸೀವರ್ಟ್. ಪ್ರೋಟೋಕಾಲ್‌ಗಳನ್ನು ಹೋಲಿಸಲು ಇದು ಚೆನ್ನಾಗಿದೆ. ಆದರೆ ಈ ಅಂಶ ಒಬ್ಬ ಸರಾಸರಿ ಮನುಷ್ಯನಿಗೆ ಕಟ್ಟಿದ್ದು. ಎಸ್‌ಎಸ್‌ಡಿಇಗೆ ಇದನ್ನು ಗುಣಿಸಬೇಡಿ. ರೋಗಿಯ ರಿಪೋರ್ಟ್‌ನಲ್ಲಿ 'ನಿಮಗೆ 4.9 ಮಿಲಿಸೀವರ್ಟ್ ಬಿದ್ದಿದೆ' ಅಂತ ದಶಾಂಶ ಸಮೇತ ಬರೆಯುವುದೂ ಬೇಡ. 'ಎಷ್ಟು ರೇಡಿಯೇಷನ್ ಆಯ್ತು ಸರ್?' ಅಂತ ನಂಜನಗೂಡಿನಿಂದ ಬಂದ ಅಜ್ಜಿಯ ಮಗ ಕೇಳಿದರೆ, ಪ್ರಕೃತಿಯಿಂದಲೇ ಜಗತ್ತಿನಲ್ಲಿ ಸರಾಸರಿ ಒಬ್ಬರಿಗೆ ವರ್ಷಕ್ಕೆ 2.4 ಮಿಲಿಸೀವರ್ಟ್ ಬರುತ್ತದೆ, ಇದು ಸುಮಾರು ಎರಡು ವರ್ಷದಷ್ಟು ಅಂತ ಹೇಳಿದರೆ ಅವರಿಗೆ ಅಂದಾಜು ಸಿಗುತ್ತದೆ.

ಹೆಜ್ಜೆ 9: ಫೈಲ್‌ನಲ್ಲಿ ಏನಿರಬೇಕು, ಮತ್ತೆ ಯಾವಾಗ

ಫೈಲ್‌ನಲ್ಲಿ ಕಚ್ಚಾ ರೀಡಿಂಗ್‌ಗಳೇ ಇರಲಿ, ಬರೀ ಕೊನೆಯ ಉತ್ತರ ಸಾಲದು. ಉಷ್ಣಾಂಶ, ಒತ್ತಡ, ಅವನ್ನು ಯಾವುದರಿಂದ ಅಳೆದಿರಿ, ಚೇಂಬರ್ ನಂಬರ್, ಸರ್ಟಿಫಿಕೇಟ್ ಪ್ರತಿ, ಕನ್ಸೋಲ್ ಪರದೆಯ ಫೋಟೋ, ಎಲ್ಲಾ ಒಂದೇ ಕಡೆ ಇರಲಿ. ಟ್ಯೂಬ್ ಬದಲಾದಾಗ, ಜನರೇಟರ್ ರಿಪೇರಿಯಾದಾಗ, ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗ ಎರಡು ವರ್ಷ ತುಂಬಲಿ ಅಂತ ಕಾಯದೆ ಮತ್ತೆ ಅಳೆಯಿರಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮರುದಿನ ಬೆಳಿಗ್ಗೆ, ಮೊದಲ ರೋಗಿ ಮಲಗುವ ಮುಂಚೆ, ಮಕ್ಕಳ ಪ್ರೋಟೋಕಾಲ್‌ಗಳನ್ನು ಒಂದೊಂದಾಗಿ ತೆರೆದು 16 ಇದ್ದದ್ದು 32 ಆಗಿದೆಯಾ ಅಂತ ನೋಡಲು ಹತ್ತು ನಿಮಿಷ ಸಾಕು.